ಬಿಲ್ಡ್ ಸಂರಚನೆಯ ಆಧುನೀಕರಣ

ತಂತ್ರಾಂಶ ಯೋಜನೆಯೊಂದರ ಸೋರ್ಸ್ ಕೋಡನ್ನು ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮಾಗಿ ಕಟ್ಟುವ ವಿಧಾನವನ್ನು ಬರೆದಿಟ್ಟ ಫೈಲುಗಳ ಸಮೂಹಕ್ಕೆ ಬಿಲ್ಡ್ ಸಂರಚನೆ ಎಂದು ಹೆಸರು. ಕಾಲ ಸರಿದಂತೆ ಕಂಪೈಲರ್, ಪ್ರೊಸೆಸರ್, ಲೈಬ್ರರಿ, ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಬದಲಾಗುತ್ತವೆ. ಬರೆದಿಟ್ಟ ವಿಧಾನ ಮಾತ್ರ ಬರೆದ ದಿನದ ಸ್ಥಿತಿಯಲ್ಲೇ ಉಳಿದಿರುತ್ತದೆ. ಈ ಅಂತರವನ್ನು ಗುರುತಿಸಿ, ಪ್ರೋಗ್ರಾಮಿನ ವರ್ತನೆ ಕೆಡದಂತೆ ಸಂರಚನೆಯನ್ನು ಇಂದಿನ ಸಾಧನಗಳಿಗೂ ಪದ್ಧತಿಗಳಿಗೂ ತಕ್ಕಂತೆ ತಿದ್ದಿ ಬರೆಯುವುದು ಬಿಲ್ಡ್ ಸಂರಚನೆಯ ಆಧುನೀಕರಣ.

ಇದು ಬಳಕೆದಾರರ ಕಣ್ಣಿಗೆ ಬೀಳದ ಕೆಲಸ. ಪರದೆಯ ಮೇಲೆ ಹೊಸ ಸೌಲಭ್ಯವೇನೂ ಮೂಡುವುದಿಲ್ಲ. ಆದರೂ ತಂತ್ರಾಂಶದ ಆಯುಸ್ಸು ಇದನ್ನು ಅವಲಂಬಿಸಿದೆ. ಜನ ಓದಿ ಪರಿಶೀಲಿಸುವ ಕೋಡೇ ಅವರ ಯಂತ್ರದಲ್ಲಿ ಓಡುವ ಪ್ರೋಗ್ರಾಮ್ ಕೂಡ ಎಂಬ ಭರವಸೆ ನಿಂತಿರುವುದು ಬಿಲ್ಡ್ ಸಂರಚನೆಯ ಮೇಲೆ. ಸಂರಚನೆ ಹಳತಾಗಿ, ಒಗಟಾಗಿ, ಯಾರೂ ಮುಟ್ಟಲು ಅಂಜುವಂಥದ್ದಾದರೆ ಆ ಭರವಸೆ ಸದ್ದಿಲ್ಲದೆ ಸಡಿಲಗೊಳ್ಳುತ್ತದೆ.

ಸಂರಚನೆಯಲ್ಲಿ ಏನಿರುತ್ತದೆ

ಯಾವ ಫೈಲುಗಳನ್ನು ಯಾವ ಕಂಪೈಲರಿನಿಂದ, ಯಾವ ಆಯ್ಕೆಗಳೊಡನೆ ಕಂಪೈಲ್ ಮಾಡಬೇಕು. ಹೊರಗಿನ ಯಾವ ಲೈಬ್ರರಿಗಳ ಯಾವ ಆವೃತ್ತಿಗಳು ಬೇಕು. ಒಂದು ಫೈಲು ಬದಲಾದರೆ ಮತ್ತಾವುವನ್ನು ಮರಳಿ ಕಟ್ಟಬೇಕು. ಪರೀಕ್ಷೆಗಳನ್ನು ನಡೆಸುವುದು ಹೇಗೆ. ಸಿದ್ಧವಾದದ್ದನ್ನು ಡಿಸ್ಕಿನಲ್ಲಿ ಎಲ್ಲಿ ಇಡಬೇಕು. ಈ ಪ್ರಶ್ನೆಗಳಿಗೆ ಸಂರಚನೆ ಉತ್ತರ ಕೊಡುತ್ತದೆ. ಸಿ ಭಾಷೆಯ ಹಳೆಯ ಯೋಜನೆಗಳಲ್ಲಿ ಮೇಕ್‌ಫೈಲ್ ಮತ್ತು ಕಾನ್ಫಿಗರ್ ಸ್ಕ್ರಿಪ್ಟ್, ಪೈಥಾನ್‌ನಲ್ಲಿ ಸೆಟಪ್.ಪೈ, ಜಾವಾದಲ್ಲಿ ಆ್ಯಂಟ್, ಮೇವೆನ್ ಅಥವಾ ಗ್ರೇಡಲ್‌ನ ಫೈಲುಗಳು, ಜಾವಾಸ್ಕ್ರಿಪ್ಟ್‌ನಲ್ಲಿ ವೆಬ್‌ಪ್ಯಾಕ್‌ನಂಥ ಸಾಧನಗಳ ಫೈಲುಗಳು ಈ ಪಾತ್ರ ವಹಿಸುತ್ತವೆ. ತಾನಾಗಿ ಬಿಲ್ಡ್ ನಡೆಸುವ ಸರ್ವರ್‌ಗಳ ಸೂಚನೆಗಳನ್ನೂ ಈಗ ಸಂರಚನೆಯ ಭಾಗವೆಂದೇ ಪರಿಗಣಿಸುತ್ತಾರೆ.

ಇತಿಹಾಸ

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಎಂಬ ಸಾಧನವನ್ನು ರಚಿಸಿದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ತಮ್ಮ ಪ್ರೋಗ್ರಾಮಿನ ದೋಷವೊಂದನ್ನು ಹುಡುಕುತ್ತ ಬೆಳಗಿನ ಹೊತ್ತನ್ನೆಲ್ಲ ಕಳೆದಿದ್ದರು. ದೋಷವನ್ನು ಕೋಡಿನಲ್ಲಿ ಆಗಲೇ ತಿದ್ದಿಯಾಗಿತ್ತು, ಆದರೆ ತಿದ್ದಿದ ಫೈಲನ್ನು ಮರಳಿ ಕಂಪೈಲ್ ಮಾಡಿರಲಿಲ್ಲ. ಓದುತ್ತಿದ್ದ ಕೋಡು ಒಂದು, ಓಡುತ್ತಿದ್ದ ಪ್ರೋಗ್ರಾಮ್ ಇನ್ನೊಂದು. ಫೈಲುಗಳ ಸಮಯಮುದ್ರೆಯನ್ನು ಹೋಲಿಸಿ, ಬದಲಾದವನ್ನಷ್ಟೇ ಮರಳಿ ಕಟ್ಟುವ ಮೇಕ್ ಈ ತೊಂದರೆಗೆ ಪರಿಹಾರವಾಯಿತು. ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಸಂದಿತು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಶುರುವಾಗಬೇಕೆಂಬ ನಿಯಮ ಇಂದಿಗೂ ಹೊಸಬರನ್ನು ಕಾಡುತ್ತದೆ. ಆ ನಿಯಮ ಸರಿಯಿಲ್ಲವೆಂದು ಫೆಲ್ಡ್‌ಮನ್ ಅವರಿಗೆ ಬೇಗನೆ ಮನವರಿಕೆಯಾಗಿತ್ತು. ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಮೇಕ್ ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಬದಲಿಸದೆ ಬಿಟ್ಟ ನಿಯಮ ಅರ್ಧ ಶತಮಾನದಿಂದ ಉಳಿದುಬಂದಿದೆ. ಬಿಲ್ಡ್ ಸಂರಚನೆಯಲ್ಲಿ ಮುಂದೂಡಿದ ತಿದ್ದುಪಡಿಯ ಬೆಲೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಎಂಬತ್ತರ ದಶಕದಲ್ಲಿ ಯುನಿಕ್ಸ್ ಹಲವು ಕಂಪನಿಗಳ ಕೈಯಲ್ಲಿ ಹಲವು ರೂಪ ತಾಳಿತು. ಒಂದರಲ್ಲಿದ್ದ ಫಂಕ್ಷನ್ ಇನ್ನೊಂದರಲ್ಲಿ ಇರುತ್ತಿರಲಿಲ್ಲ. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಆಟೋಕಾನ್ಫ್ ಇದಕ್ಕೆ ಉತ್ತರವಾಯಿತು. ಅದು ಎಂ4 ಎಂಬ ಮ್ಯಾಕ್ರೋ ಭಾಷೆಯ ಸಾಲುಗಳಿಂದ ಕಾನ್ಫಿಗರ್ ಎಂಬ ಶೆಲ್ ಸ್ಕ್ರಿಪ್ಟನ್ನು ಹುಟ್ಟಿಸುತ್ತದೆ. ಆ ಸ್ಕ್ರಿಪ್ಟ್ ಪುಟ್ಟ ಪುಟ್ಟ ಸಿ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡಿ, ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ತಿಳಿದುಕೊಳ್ಳುತ್ತದೆ. ಆಟೋಮೇಕ್ ಮತ್ತು ಲಿಬ್‌ಟೂಲ್ ಜೊತೆಗೂಡಿದ ಮೇಲೆ ಈ ಮೂರಕ್ಕೂ ಒಟ್ಟಾಗಿ ಆಟೋಟೂಲ್ಸ್ ಎಂಬ ಹೆಸರು ಬಂತು.

ಮೇಕ್ ಬಳಸುವ ರೀತಿಯ ಬಗ್ಗೆ ಬಲವಾದ ವಿಮರ್ಶೆಯೂ ಬಂತು. ಒಂದೊಂದು ಡೈರೆಕ್ಟರಿಗೂ ಒಂದೊಂದು ಮೇಕ್‌ಫೈಲ್ ಇಟ್ಟು ಒಂದರಿಂದ ಇನ್ನೊಂದನ್ನು ಕರೆಯುವ ರೂಢಿಯಿಂದ ಅವಲಂಬನೆಗಳ ಪೂರ್ಣಚಿತ್ರ ಯಾವ ಮೇಕ್‌ಗೂ ಸಿಗುವುದಿಲ್ಲ ಎಂದು ಪೀಟರ್ ಮಿಲ್ಲರ್ 1998ರಲ್ಲಿ ತೋರಿಸಿದರು. ಇತ್ತ ಕಿಟ್‌ವೇರ್ ಕಂಪನಿ, ವೈದ್ಯಕೀಯ ಚಿತ್ರಗಳನ್ನು ವಿಶ್ಲೇಷಿಸುವ ಇನ್‌ಸೈಟ್ ಟೂಲ್‌ಕಿಟ್ ಯೋಜನೆಗಾಗಿ, ವಿಂಡೋಸ್ ಮತ್ತು ಯುನಿಕ್ಸ್ ಎರಡರಲ್ಲೂ ನಡೆಯುವ ಸಿಮೇಕ್ ಸಾಧನವನ್ನು 2000ದ ಸುಮಾರಿಗೆ ರೂಪಿಸಿತು. ಗೂಗಲ್‌ನ ಇವಾನ್ ಮಾರ್ಟಿನ್ ಕ್ರೋಮ್ ಬ್ರೌಸರಿಗಾಗಿ ಬರೆದ ನಿಂಜಾ, ವೇಗಕ್ಕೆ ಎಲ್ಲಕ್ಕಿಂತ ಹೆಚ್ಚು ಒತ್ತು ಕೊಟ್ಟಿತು. ಫಿನ್ಲೆಂಡಿನ ಯೂಸಿ ಪಕ್ಕನೆನ್ 2013ರಲ್ಲಿ ಬಿಡುಗಡೆ ಮಾಡಿದ ಮೆಸಾನ್, ನಿಂಜಾದ ಮೇಲೆ ನಿಂತು ಓದಲು ಸುಲಭವಾದ ಭಾಷೆಯನ್ನು ಕೊಟ್ಟಿತು. ಗೂಗಲ್ ತನ್ನೊಳಗೆ ಬಳಸುತ್ತಿದ್ದ ಬ್ಲೇಜ್ ಸಾಧನದ ಮುಕ್ತ ರೂಪವಾದ ಬೇಜಲ್ 2015ರಲ್ಲಿ ಹೊರಬಂತು. ಜಾವಾದಲ್ಲಿ ಆ್ಯಂಟ್, ಮೇವೆನ್, ಗ್ರೇಡಲ್ ಒಂದರ ಹಿಂದೊಂದು ಬಂದವು.

ಹಳತಾಗುವ ಬಗೆ

ಬಿಲ್ಡ್ ಸಂರಚನೆ ಹಳತಾಗುವುದು ಮುಖ್ಯವಾಗಿ ನಾಲ್ಕು ದಾರಿಗಳಿಂದ.

ಮೊದಲನೆಯದು, ಯಂತ್ರ ಬದಲಾಗುವುದು. ಆಟೋಟೂಲ್ಸ್ ಯೋಜನೆಗಳ ಜೊತೆಗಿರುವ ಕಾನ್ಫಿಗ್.ಗೆಸ್ ಎಂಬ ಸ್ಕ್ರಿಪ್ಟ್, ತಾನು ಯಾವ ಬಗೆಯ ಪ್ರೊಸೆಸರ್ ಮೇಲೆ ಓಡುತ್ತಿದ್ದೇನೆಂದು ಪತ್ತೆಹಚ್ಚುತ್ತದೆ. ವರ್ಷಗಳ ಹಿಂದೆ ನಕಲು ಮಾಡಿಟ್ಟ ಪ್ರತಿಗೆ 64 ಬಿಟ್ ಆರ್ಮ್ ಅಥವಾ ರಿಸ್ಕ್-ಫೈವ್ ಪ್ರೊಸೆಸರ್ ಗೊತ್ತಿರುವುದಿಲ್ಲ. ಪ್ರೋಗ್ರಾಮಿನ ಸಿ ಕೋಡಿನಲ್ಲಿ ತಪ್ಪೇನೂ ಇಲ್ಲದಿದ್ದರೂ ಬಿಲ್ಡ್ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಈ ಕಾರಣಕ್ಕಾಗಿಯೇ ಡೆಬಿಯನ್ ಎಂಬ ಲಿನಕ್ಸ್ ವಿತರಣೆ, ಪ್ಯಾಕೇಜ್ ಕಟ್ಟುವಾಗಲೆಲ್ಲ ಆಟೋಟೂಲ್ಸ್‌ನ ಫೈಲುಗಳನ್ನು ಹೊಸದಾಗಿ ಹುಟ್ಟಿಸುವ ಕ್ರಮವನ್ನು ರೂಢಿಗೆ ತಂದಿತು.

ಎರಡನೆಯದು, ಕಂಪೈಲರ್ ಕಟ್ಟುನಿಟ್ಟಾಗುವುದು. ಘೋಷಿಸದ ಫಂಕ್ಷನನ್ನು ಕರೆಯುವ ಸ್ವಾತಂತ್ರ್ಯವನ್ನು ಸಿ ಭಾಷೆಯ ಮಾನಕ 1999ರಲ್ಲೇ ತೆಗೆದುಹಾಕಿತ್ತು. ಕಂಪೈಲರ್‌ಗಳು ಬಹುಕಾಲ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿದ್ದವು. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ ಕಂಪೈಲರಿನ 14ನೇ ಆವೃತ್ತಿ ಅದನ್ನು ದೋಷವೆಂದೇ ಪರಿಗಣಿಸಿತು. ಕ್ಲಾಂಗ್ 16 ಅದಕ್ಕೂ ಮೊದಲೇ ಈ ಹಾದಿ ಹಿಡಿದಿತ್ತು. ಇದರ ಪೆಟ್ಟು ಬಿದ್ದದ್ದು ಕಾನ್ಫಿಗರ್ ಸ್ಕ್ರಿಪ್ಟ್‌ಗಳೊಳಗಿನ ಪುಟ್ಟ ಪರೀಕ್ಷೆಗಳಿಗೆ. ಪರೀಕ್ಷೆಯ ಪ್ರೋಗ್ರಾಮನ್ನು ಹಳೆಯ ಶೈಲಿಯಲ್ಲಿ ಬರೆದಿದ್ದರೆ ಹೊಸ ಕಂಪೈಲರ್ ಅದನ್ನು ತಿರಸ್ಕರಿಸುತ್ತದೆ. ಪರೀಕ್ಷೆ ಕಂಪೈಲ್ ಆಗದಿದ್ದರೆ ಕಾನ್ಫಿಗರ್ ಸ್ಕ್ರಿಪ್ಟ್ ಹೇಳುವುದು ಒಂದೇ ಮಾತು: ಈ ಸೌಲಭ್ಯ ಈ ಯಂತ್ರದಲ್ಲಿಲ್ಲ. ಬಿಲ್ಡ್ ಮುಂದುವರಿಯುತ್ತದೆ, ಯಶಸ್ವಿಯಾಗಿ ಮುಗಿಯುತ್ತದೆ. ಸಿದ್ಧವಾದ ಪ್ರೋಗ್ರಾಮಿನಲ್ಲಿ ಆ ಸೌಲಭ್ಯ ಮಾತ್ರ ಇರುವುದಿಲ್ಲ. ಇಂಥ ಮೌನ ವೈಫಲ್ಯವನ್ನು ತಡೆಯಲೆಂದೇ ಫೆಡೋರಾ ವಿತರಣೆಯ ತಂತ್ರಜ್ಞರು ತಮ್ಮ ಪ್ಯಾಕೇಜುಗಳನ್ನು ಮುಂಚಿತವಾಗಿ ಶೋಧಿಸಿ ತಿದ್ದುವ ದೊಡ್ಡ ಕಾರ್ಯವನ್ನು ಕೈಗೊಂಡರು.

ಮೂರನೆಯದು, ಬಿಲ್ಡ್ ಸಾಧನವೇ ತನ್ನ ಹಳೆಯ ವರ್ತನೆಯನ್ನು ಕೈಬಿಡುವುದು. 2000ದಿಂದ ಪೈಥಾನ್‌ನೊಂದಿಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಮಾಡ್ಯೂಲನ್ನು 2023ರ ಅಕ್ಟೋಬರ್‌ನ ಪೈಥಾನ್ 3.12 ತೆಗೆದುಹಾಕಿತು. 2021ರ ಗ್ರೇಡಲ್ 7ರಲ್ಲಿ, ಅವಲಂಬನೆಗಳನ್ನು ಬರೆಯಲು ಎಲ್ಲರೂ ಬಳಸುತ್ತಿದ್ದ ಕಂಪೈಲ್ ಎಂಬ ವರ್ಗ ಇಲ್ಲವಾಯಿತು. 2025ರ ಮಾರ್ಚ್‌ನಲ್ಲಿ ಬಂದ ಸಿಮೇಕ್ 4.0, ಆವೃತ್ತಿ 3.5ಕ್ಕಿಂತ ಹಿಂದಿನ ವರ್ತನೆಯನ್ನು ಕೇಳುವ ಯೋಜನೆಗಳನ್ನು ನಿರಾಕರಿಸುತ್ತದೆ. ಒಂದೇ ಸಾಲಿನ ಹಳೆಯ ಸಂಖ್ಯೆಯಿಂದಾಗಿ ಅಸಂಖ್ಯ ಲೈಬ್ರರಿಗಳ ಬಿಲ್ಡ್ ನಿಂತಿತು. ನೋಡ್‌ಜೆಎಸ್ 17ನೇ ಆವೃತ್ತಿ 2021ರಲ್ಲಿ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಹೋದಾಗ, ಎಂಡಿ4 ಎಂಬ ಹಳೆಯ ಹ್ಯಾಷ್ ವಿಧಾನವನ್ನು ನೆಚ್ಚಿದ್ದ ವೆಬ್‌ಪ್ಯಾಕ್ 4ರ ಯೋಜನೆಗಳು ಕೆಟ್ಟವು. ಅನೇಕರು ಹಳೆಯ ಗೂಢಲಿಪಿಗೆ ಅನುಮತಿ ಕೊಡುವ ಆಯ್ಕೆಯೊಂದನ್ನು ಸೇರಿಸಿ ದಿನ ದೂಡಿದರು. ಇದು ರೋಗಕ್ಕೆ ಮದ್ದಲ್ಲ.

ನಾಲ್ಕನೆಯದು, ಲೈಬ್ರರಿಗಳನ್ನು ಒದಗಿಸುವ ದೂರದ ಉಗ್ರಾಣಗಳು ಬದಲಾಗುವುದು. 2020ರ ಜನವರಿಯಿಂದ ಮೇವೆನ್ ಸೆಂಟ್ರಲ್ ಉಗ್ರಾಣ ಎಚ್‌ಟಿಟಿಪಿಎಸ್ ಇಲ್ಲದ ಕೋರಿಕೆಗಳನ್ನು ಒಪ್ಪುವುದನ್ನು ನಿಲ್ಲಿಸಿತು. ವಿಳಾಸದಲ್ಲಿ ಒಂದು ಅಕ್ಷರ ಕಡಿಮೆಯಿದ್ದ ಹಳೆಯ ಜಾವಾ ಯೋಜನೆಗಳೆಲ್ಲ ಅಂದೇ ತೊಂದರೆಗೆ ಸಿಕ್ಕಿದವು. ಆಂಡ್ರಾಯ್ಡ್ ಯೋಜನೆಗಳು ನೆಚ್ಚಿಕೊಂಡಿದ್ದ ಜೆಸೆಂಟರ್ ಉಗ್ರಾಣವನ್ನು ನಿಲ್ಲಿಸುವುದಾಗಿ ಜೆಫ್ರಾಗ್ ಕಂಪನಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿತು. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಉಗ್ರಾಣದಿಂದ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಪ್ರಸಿದ್ಧ ಯೋಜನೆಗಳ ಬಿಲ್ಡ್‌ಗಳೂ ಮುರಿದುಬಿದ್ದವು.

ಆಧುನಿಕ ಸಂರಚನೆಯ ಲಕ್ಷಣಗಳು

ಹೊಸ ಸಾಧನವನ್ನು ಬಳಸಿದ ಮಾತ್ರಕ್ಕೆ ಸಂರಚನೆ ಆಧುನಿಕವಾಗುವುದಿಲ್ಲ. ಸಿಮೇಕ್‌ನಲ್ಲೂ ಹಳೆಯ ಮೇಕ್‌ಫೈಲಿನ ರೀತಿಯಲ್ಲೇ ಬರೆಯಬಹುದು, ಹಾಗೆ ಬರೆದದ್ದು ಹೇರಳವಾಗಿಯೂ ಇದೆ. ಲಕ್ಷಣಗಳನ್ನು ಬೇರೆಡೆ ಹುಡುಕಬೇಕು.

ಆಜ್ಞೆಗಳಿಗಿಂತ ಘೋಷಣೆಗಳು ಹೆಚ್ಚಿರಬೇಕೆಂಬುದು ಮೊದಲ ಲಕ್ಷಣ. ಪೈಥಾನ್‌ನ ಸೆಟಪ್.ಪೈ ಒಂದು ಪ್ರೋಗ್ರಾಮ್. ಅದನ್ನು ಓಡಿಸದೆ ಯೋಜನೆಗೆ ಏನು ಬೇಕೆಂದು ತಿಳಿಯದು, ಬೇಕಾದದ್ದನ್ನು ಮೊದಲೇ ಸ್ಥಾಪಿಸದೆ ಅದು ಓಡದು. ಈ ಸಿಕ್ಕನ್ನು ಬಿಡಿಸಲು 2016ರ ಪೆಪ್ 518 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ, ಪೈಪ್ರಾಜೆಕ್ಟ್.ಟಾಮ್ಲ್ ಎಂಬ ಫೈಲನ್ನು ತಂದಿತು. ಬಿಲ್ಡ್‌ಗೆ ಬೇಕಾದ ಸಾಧನಗಳನ್ನು ಅದರಲ್ಲಿ ದತ್ತಾಂಶವಾಗಿ ಬರೆಯಲಾಗುತ್ತದೆ. ಯಾವ ಕೋಡನ್ನೂ ಓಡಿಸದೆ ಓದಬಹುದು. ಯೋಜನೆಯ ಹೆಸರು, ಆವೃತ್ತಿ, ಅವಲಂಬನೆಗಳನ್ನು ಅದೇ ಫೈಲಿನಲ್ಲಿ ಬರೆಯುವ ಕ್ರಮವನ್ನು 2020ರ ಪೆಪ್ 621 ನಿಗದಿಪಡಿಸಿತು.

ಎರಡನೆಯ ಲಕ್ಷಣ, ಪ್ರತಿ ಘಟಕವೂ ತನ್ನ ಅಗತ್ಯಗಳನ್ನು ತಾನೇ ಹೊತ್ತಿರುವುದು. ಹಳೆಯ ಸಿಮೇಕ್ ಫೈಲುಗಳಲ್ಲಿ ಹೆಡರ್ ಫೈಲುಗಳ ದಾರಿ, ಕಂಪೈಲರ್ ಆಯ್ಕೆಗಳು ಇಡೀ ಡೈರೆಕ್ಟರಿಗೆ ಅನ್ವಯಿಸುತ್ತಿದ್ದವು. ಯಾವುದು ಯಾರಿಗೆ ಬೇಕೆಂದು ಹೇಳಲಾಗುತ್ತಿರಲಿಲ್ಲ. ಹೊಸ ಶೈಲಿಯಲ್ಲಿ ಅವನ್ನು ಒಂದೊಂದು ಲೈಬ್ರರಿಗೂ ಪ್ರತ್ಯೇಕವಾಗಿ ಬರೆದು, ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತಿಸುತ್ತಾರೆ. ಗ್ರೇಡಲ್‌ನ ಎಪಿಐ ಮತ್ತು ಇಂಪ್ಲಿಮೆಂಟೇಶನ್ ಎಂಬ ವರ್ಗಗಳಲ್ಲೂ ಇರುವುದು ಇದೇ ವಿಚಾರ.

ಮೂರನೆಯದು ನಿಶ್ಚಿತತೆ. ಎನ್‌ಪಿಎಂ 2017ರಲ್ಲಿ ತಂದ ಲಾಕ್ ಫೈಲು, ನೇರ ಮತ್ತು ಪರೋಕ್ಷ ಅವಲಂಬನೆಗಳೆಲ್ಲದರ ನಿಖರ ಆವೃತ್ತಿಯನ್ನು ದಾಖಲಿಸುತ್ತದೆ. ಗ್ರೇಡಲ್‌ನ ರ‍್ಯಾಪರ್ ಸ್ಕ್ರಿಪ್ಟ್, ಎಲ್ಲರ ಯಂತ್ರದಲ್ಲೂ ಒಂದೇ ಆವೃತ್ತಿಯ ಗ್ರೇಡಲ್ ಓಡುವಂತೆ ನೋಡಿಕೊಳ್ಳುತ್ತದೆ. ಒಂದೇ ಕೋಡಿನಿಂದ ಯಾರು ಕಟ್ಟಿದರೂ ಬಿಟ್‌ಗೆ ಬಿಟ್ ಒಂದೇ ಫಲಿತಾಂಶ ಬರಬೇಕೆಂಬ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಚಳವಳಿ ಈ ವಿಚಾರದ ತುದಿಯನ್ನು ಮುಟ್ಟಿದೆ.

ಬದಲಾವಣೆಯ ಕ್ರಮ

ಅನುಭವಿಗಳು ಮೊದಲು ಮಾಡುವುದು ಈಗಿನ ಫಲಿತಾಂಶದ ದಾಖಲೆ. ಹಳೆಯ ಸಂರಚನೆಯಿಂದ, ಬೇರೇನೂ ಇಲ್ಲದ ಶುದ್ಧ ಕಂಟೇನರಿನಲ್ಲಿ ಬಿಲ್ಡ್ ಮಾಡಿ, ಪ್ರತಿ ಫೈಲಿಗೆ ಬಳಕೆಯಾದ ಕಂಪೈಲರ್ ಆಯ್ಕೆಗಳು, ಲೈಬ್ರರಿ ಹೊರಗೆ ತೋರುವ ಹೆಸರುಗಳು, ಸ್ಥಾಪನೆಯಾದ ಫೈಲುಗಳ ಪಟ್ಟಿ ಇವನ್ನು ಬರೆದಿಡುತ್ತಾರೆ. ಡೆವಲಪರ್‌ನ ಸ್ವಂತ ಯಂತ್ರದಲ್ಲಿ ಎಂದೋ ಸ್ಥಾಪಿಸಿ ಮರೆತ ಲೈಬ್ರರಿಗಳು ಶುದ್ಧ ಕಂಟೇನರಿನಲ್ಲಿ ಮೊದಲ ಬಾರಿಗೆ ಬೆಳಕಿಗೆ ಬರುತ್ತವೆ.

ಎರಡನೆಯ ಹೆಜ್ಜೆ, ಪ್ರತಿ ಸಾಲಿನ ಕಾರಣವನ್ನು ಹುಡುಕುವುದು. ಗಿಟ್‌ನ ಚರಿತ್ರೆಯನ್ನು ಹಿಂಬಾಲಿಸಿದರೆ ಯಾವ ಸಾಲು ಯಾವ ದೋಷದ ನಿವಾರಣೆಗೆ ಬಂತೆಂದು ತಿಳಿಯುತ್ತದೆ. ಐರಿಕ್ಸ್‌ನಂಥ ಬಳಕೆ ತಪ್ಪಿದ ಆಪರೇಟಿಂಗ್ ಸಿಸ್ಟಮ್‌ಗಾಗಿ ಬರೆದ ಸಾಲುಗಳನ್ನು ತೆಗೆಯಬಹುದು. ಆದರೆ ಕಾರಣ ತಿಳಿಯದ ಸಾಲೆಲ್ಲವೂ ಕಸವಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸನ್ನು ಜಿಸಿಸಿಯಿಂದ ಕಟ್ಟುವಾಗ, ಪೂರ್ಣಾಂಕ ಮಿತಿ ಮೀರಿದರೆ ಸುತ್ತಿ ಬರಬೇಕೆಂದು ಕಂಪೈಲರಿಗೆ ಹೇಳುವ ಆಯ್ಕೆಯಿದೆ. ಅದನ್ನು ಮರೆತರೆ ಬಿಲ್ಡ್ ಏನೂ ದೂರುವುದಿಲ್ಲ, ಆದರೆ ಕಂಪೈಲರ್ ಕೆಲವು ತಪಾಸಣೆಗಳನ್ನು ಅನಗತ್ಯವೆಂದು ಅಳಿಸಿಹಾಕಬಹುದು. 32 ಬಿಟ್ ಯಂತ್ರಗಳಲ್ಲಿ ದೊಡ್ಡ ಫೈಲುಗಳ ಗಾತ್ರವನ್ನು 64 ಬಿಟ್‌ನಲ್ಲಿ ಎಣಿಸುವ ಆಯ್ಕೆ ಕಳೆದುಹೋದರೂ ಹೀಗೆಯೇ. ಲೈಬ್ರರಿ ಮತ್ತು ಅದನ್ನು ಬಳಸುವ ಪ್ರೋಗ್ರಾಮ್ ಒಂದೇ ದತ್ತಾಂಶವನ್ನು ಬೇರೆ ಬೇರೆ ಅಳತೆಯಲ್ಲಿ ಓದತೊಡಗುತ್ತವೆ.

ಮೂರನೆಯದಾಗಿ, ಸಾಧನವನ್ನು ಬದಲಿಸುವ ಮೊದಲು ಇರುವ ಸಾಧನದಲ್ಲೇ ಸಾಧ್ಯವಾದಷ್ಟನ್ನು ಸರಿಪಡಿಸಬೇಕು. ಆಟೋಕಾನ್ಫ್‌ನ ಹಳೆಯ ಮ್ಯಾಕ್ರೋಗಳನ್ನು ಹೊಸ ಹೆಸರಿಗೆ ತರುವ ಆಟೋಅಪ್‌ಡೇಟ್ ಎಂಬ ಸಾಧನವಿದೆ. ಸಿಮೇಕ್‌ನಲ್ಲಿ ಕನಿಷ್ಠ ಆವೃತ್ತಿಯನ್ನು ಏರಿಸಿ, ಬರುವ ಎಚ್ಚರಿಕೆಗಳನ್ನು ಒಂದೊಂದಾಗಿ ನಿವಾರಿಸಬಹುದು. ಎಷ್ಟೋ ಯೋಜನೆಗಳಿಗೆ ಇಷ್ಟೇ ಸಾಕು.

ಸಾಧನವನ್ನೇ ಬದಲಿಸಬೇಕಾದಾಗ ಹಳತು ಹೊಸತು ಎರಡನ್ನೂ ಕೆಲಕಾಲ ಜೊತೆಜೊತೆಯಾಗಿ ನಡೆಸುವುದು ಕ್ಷೇಮ. ಪ್ರತಿ ಬದಲಾವಣೆಗೂ ಸರ್ವರ್‌ನಲ್ಲಿ ಎರಡೂ ಬಿಲ್ಡ್ ನಡೆದು, ಫಲಿತಾಂಶಗಳ ಹೋಲಿಕೆಯಾಗಬೇಕು. ಎರಡು ಬೈನರಿಗಳ ನಡುವಿನ ವ್ಯತ್ಯಾಸವನ್ನು ಒಳಹೊಕ್ಕು ತೋರಿಸುವ ಡಿಫೋಸ್ಕೋಪ್‌ನಂಥ ಸಾಧನಗಳು ಇಲ್ಲಿ ನೆರವಾಗುತ್ತವೆ. ಬಿಲ್ಡ್ ಯಶಸ್ವಿ ಎಂಬ ಸಂದೇಶವೊಂದನ್ನೇ ಸಾಕ್ಷ್ಯವೆಂದು ನಂಬಬಾರದು. ಈ ಕೆಲಸದ ಅತ್ಯಂತ ಮುಖ್ಯ ಪಾಠ ಇದು. ಕಂಪೈಲ್ ಆಗದ ಬಿಲ್ಡ್ ತನ್ನ ದೋಷವನ್ನು ತಾನೇ ಸಾರುತ್ತದೆ, ಕಂಪೈಲ್ ಆಗಿಯೂ ಬೇರೆಯದನ್ನು ಕಟ್ಟಿಕೊಟ್ಟ ಬಿಲ್ಡ್ ಸಾರುವುದಿಲ್ಲ.

ಕೊನೆಯ ಹೆಜ್ಜೆ ಹಳೆಯದನ್ನು ತೆಗೆಯುವುದು. ಅದಕ್ಕೆ ದಿನ ಗೊತ್ತುಮಾಡಿ, ಪ್ಯಾಕೇಜ್ ಸಿದ್ಧಪಡಿಸುವ ವಿತರಣೆಗಳಿಗೆ ಮುಂಚಿತವಾಗಿ ತಿಳಿಸಬೇಕು. ತೆಗೆಯದೆ ಉಳಿಸಿದರೆ ಹೊಸ ಫೈಲೊಂದು ಬಂದಾಗಲೆಲ್ಲ ಎರಡು ಕಡೆ ಬರೆಯಬೇಕಾಗುತ್ತದೆ, ಒಂದು ಕಡೆ ಮರೆತುಹೋಗುತ್ತದೆ.

ಪ್ರಮುಖ ನಿದರ್ಶನಗಳು

ಲಿನಕ್ಸ್ ಕರ್ನಲ್‌ನ ಅನುಭವ ಎಚ್ಚರಿಕೆಯ ಪಾಠ. ಎರಿಕ್ ರೇಮಂಡ್ 2000ದಲ್ಲಿ ಕರ್ನಲ್‌ನ ಆಯ್ಕೆಗಳನ್ನು ನಿರ್ವಹಿಸಲು ಸಿಎಂಎಲ್2 ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿದರು. ಅದು ಹಳೆಯದನ್ನೆಲ್ಲ ಒಂದೇ ಏಟಿಗೆ ಬದಲಿಸುವಂಥದ್ದು. ಅದನ್ನು ಪೈಥಾನ್‌ನಲ್ಲಿ ಬರೆದಿದ್ದರಿಂದ ಕರ್ನಲ್ ಕಟ್ಟಲು ಪೈಥಾನ್ ಬೇಕಾಗುತ್ತಿತ್ತು. ದೀರ್ಘ ವಾದಗಳ ನಂತರ ಅದು ಸೇರ್ಪಡೆಯಾಗಲಿಲ್ಲ. 2002ರಲ್ಲಿ ರೋಮನ್ ಜಿಪ್ಪೆಲ್ ಅವರ ಕೆಕಾನ್ಫಿಗ್, 2.5.45ನೇ ಆವೃತ್ತಿಯಲ್ಲಿ ಸ್ಥಾನ ಪಡೆದು ಇಂದಿಗೂ ಬಳಕೆಯಲ್ಲಿದೆ.

ಕೆಡಿಇ ಡೆಸ್ಕ್‌ಟಾಪ್ ಯೋಜನೆ ತನ್ನ ನಾಲ್ಕನೇ ಆವೃತ್ತಿಗಾಗಿ ಆಟೋಟೂಲ್ಸ್ ಬಿಡಲು ತೀರ್ಮಾನಿಸಿ ಮೊದಲು ಎಸ್‌ಕಾನ್ಸ್ ಎಂಬ ಬಿಲ್ಡ್ ಸಾಧನವನ್ನು ಪ್ರಯತ್ನಿಸಿತು. ಅದು ಹೊಂದಿಕೆಯಾಗದೆ 2006ರಲ್ಲಿ ಸಿಮೇಕ್ ಕಡೆ ತಿರುಗಿತು. ಅದುವರೆಗೆ ಹೆಚ್ಚು ಪ್ರಚಾರವಿಲ್ಲದಿದ್ದ ಸಿಮೇಕ್‌ಗೆ ಈ ನಿರ್ಧಾರದಿಂದ ಮನ್ನಣೆ ಸಿಕ್ಕಿತು. ಕ್ಯೂಟಿ ಲೈಬ್ರರಿ ತನ್ನದೇ ಆದ ಕ್ಯೂಮೇಕ್ ಬಿಟ್ಟು 2020ರ ಡಿಸೆಂಬರ್‌ನ ಆರನೇ ಆವೃತ್ತಿಯನ್ನು ಸಿಮೇಕ್‌ನಿಂದ ಕಟ್ಟಿತು. ಹಳೆಯ ಫೈಲುಗಳನ್ನು ಪರಿವರ್ತಿಸಲು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡು, ಉಳಿದದ್ದನ್ನು ಕೈಯಿಂದ ತಿದ್ದಲಾಯಿತು. ಲಿನಕ್ಸ್‌ನ ಸಿಸ್ಟಮ್‌ಡಿ 2017ರ ಜುಲೈನ ಬಿಡುಗಡೆಯಲ್ಲಿ ಆಟೋಮೇಕ್ ಮತ್ತು ಮೆಸಾನ್ ಎರಡನ್ನೂ ಇಟ್ಟು, ಆಟೋಮೇಕ್ ಹೋಗಲಿದೆ ಎಂದು ಮೊದಲೇ ಸಾರಿತ್ತು.

ಫೈರ್‌ಫಾಕ್ಸ್ ಬ್ರೌಸರ್ 1999ರ ಆಟೋಕಾನ್ಫ್ 2.13ನ್ನು ಸುಮಾರು ಎರಡು ದಶಕ ನೆಚ್ಚಿಕೊಂಡಿತ್ತು. ಮುಂದಿನ ಆವೃತ್ತಿಗಳು ಅದರ ಸ್ಕ್ರಿಪ್ಟ್‌ಗಳಿಗೆ ಹೊಂದುತ್ತಿರಲಿಲ್ಲ. ಮೊಜಿಲ್ಲಾ ತಂಡ ಒಂದೇ ಸಲಕ್ಕೆ ಬದಲಿಸಲು ಹೋಗದೆ, ಪೈಥಾನ್‌ನಲ್ಲಿ ಹೊಸ ಕಾನ್ಫಿಗರ್ ವ್ಯವಸ್ಥೆ ಕಟ್ಟಿ, ಹಳೆಯ ಸ್ಕ್ರಿಪ್ಟ್‌ನ ತಪಾಸಣೆಗಳನ್ನು ಒಂದೊಂದಾಗಿ ಅದಕ್ಕೆ ಸಾಗಿಸಿತು.

ವೈಜ್ಞಾನಿಕ ಲೆಕ್ಕಾಚಾರದ ಸೈಪೈ ಮತ್ತು ನಂಪೈ ಲೈಬ್ರರಿಗಳಲ್ಲಿ ಪೈಥಾನ್, ಸಿ, ಸಿ++ ಕೋಡಿದೆ, ಸೈಪೈಯಲ್ಲಿ ಫೋರ್ಟ್ರಾನ್ ಕೂಡ ಇದೆ. ನಂಪೈ ತನ್ನದೇ ಆದ ಡಿಸ್ಟ್‌ಯುಟಿಲ್ಸ್ ವಿಸ್ತರಣೆಯಿಂದ ಅವನ್ನೆಲ್ಲ ಕಟ್ಟುತ್ತಿತ್ತು. ಡಿಸ್ಟ್‌ಯುಟಿಲ್ಸ್ ಮರೆಯಾಗಲಿದೆ ಎಂದು ಗೊತ್ತಾದಾಗ ಸೈಪೈ ಮೊದಲು ಹೆಜ್ಜೆಯಿಟ್ಟು, 2022ರ 1.9 ಆವೃತ್ತಿಯಲ್ಲಿ ಮೆಸಾನ್‌ಗೆ ಬಂತು. ಆ ಅನುಭವದ ಬಲದಿಂದ ನಂಪೈ 1.26, ಪೈಥಾನ್ 3.12ರ ಹೊತ್ತಿಗೆ ಸಿದ್ಧವಾಗಿತ್ತು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಯುನಿಕ್ಸ್‌ಗೆ ಆಟೋಕಾನ್ಫ್ ಮತ್ತು ಮೇಕ್, ವಿಂಡೋಸ್‌ನ ವಿಷುವಲ್ ಸ್ಟುಡಿಯೋಗೆ ಪ್ರತ್ಯೇಕ ಪರ್ಲ್ ಸ್ಕ್ರಿಪ್ಟ್‌ಗಳು ಇದ್ದವು. ಆಂಡ್ರೆಸ್ ಫ್ರಾಯಿಂಡ್ ಮುಂದಾಳತ್ವದ ಪ್ರಯತ್ನದಿಂದ 2023ರ 16ನೇ ಆವೃತ್ತಿಗೆ ಮೆಸಾನ್ ಸೇರಿತು. 2024ರ 17ನೇ ಆವೃತ್ತಿಯಲ್ಲಿ ವಿಂಡೋಸ್‌ನ ಸ್ಕ್ರಿಪ್ಟ್‌ಗಳನ್ನು ತೆಗೆದುಹಾಕಿದರು. ಆಟೋಕಾನ್ಫ್ ಬಿಲ್ಡನ್ನು ಮೆಸಾನ್ ಜೊತೆಗೆ ಉಳಿಸಿಕೊಂಡರು. ಯಾವುದು ಮೊದಲು ಹೋಗಬೇಕು, ಯಾವುದು ಕಾಯಬಹುದು ಎಂಬ ವಿವೇಕಕ್ಕೆ ಇದು ಒಳ್ಳೆಯ ಮಾದರಿ.

ಭದ್ರತೆ

2024ರ ಮಾರ್ಚ್ 29ರಂದು ಇದೇ ಆಂಡ್ರೆಸ್ ಫ್ರಾಯಿಂಡ್, ಎಕ್ಸ್‌ಜೆಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಇದೆಯೆಂದು ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದು ಅವರ ಸಂಶಯಕ್ಕೆ ಕಾರಣವಾಯಿತು. ದಾಳಿಕೋರರು ಕೋಡಿನ ಬದಲು ಬಿಲ್ಡ್ ಸಂರಚನೆಯನ್ನು ಆರಿಸಿಕೊಂಡಿದ್ದರು. ಎಂ4 ಭಾಷೆಯ ಒಂದು ಫೈಲು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಬದಲಾಗಿತ್ತು, ಗಿಟ್ ಉಗ್ರಾಣದಲ್ಲಿ ಆ ರೂಪದಲ್ಲಿ ಇರಲೇ ಇಲ್ಲ. ಅದು ಪರೀಕ್ಷೆಗೆಂದು ಇಟ್ಟ ಸಂಕುಚಿತ ಫೈಲುಗಳಿಂದ ಹಾನಿಕಾರಕ ಕೋಡನ್ನು ಹೊರತೆಗೆದು ಲೈಬ್ರರಿಗೆ ಸೇರಿಸುತ್ತಿತ್ತು. ಸಿಮೇಕ್ ಫೈಲಿನಲ್ಲಿ, ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಇದೆಯೇ ಎಂದು ನೋಡುವ ಪುಟ್ಟ ಪರೀಕ್ಷೆಯೊಳಗೆ ಒಂದೇ ಒಂದು ಚುಕ್ಕಿಯನ್ನು ಇಟ್ಟಿದ್ದರು. ಆ ಚುಕ್ಕಿಯಿಂದ ಪರೀಕ್ಷೆ ಎಂದೂ ಕಂಪೈಲ್ ಆಗುತ್ತಿರಲಿಲ್ಲ. ಬಿಲ್ಡ್ ಯಶಸ್ವಿಯಾಗುತ್ತಿತ್ತು, ರಕ್ಷಣೆ ಮಾತ್ರ ಸೇರುತ್ತಿರಲಿಲ್ಲ. ಹಳೆಯ ಪರೀಕ್ಷೆಗಳು ಹೊಸ ಕಂಪೈಲರಿನಲ್ಲಿ ಮೌನವಾಗಿ ಸೋಲುವ ದೌರ್ಬಲ್ಯವನ್ನೇ ಇಲ್ಲಿ ಉದ್ದೇಶಪೂರ್ವಕವಾಗಿ ಆಯುಧ ಮಾಡಿಕೊಳ್ಳಲಾಗಿತ್ತು.

ಯಾರೂ ಓದದ ಫೈಲು ಅಡಗಿಕೊಳ್ಳಲು ಒಳ್ಳೆಯ ತಾಣ. ಸಾವಿರಾರು ಸಾಲಿನ ಯಂತ್ರರಚಿತ ಕಾನ್ಫಿಗರ್ ಸ್ಕ್ರಿಪ್ಟನ್ನು ಪರಿಶೀಲಿಸುವವರು ಯಾರೂ ಇಲ್ಲ. ಚಿಕ್ಕದಾದ, ಘೋಷಣೆಗಳಷ್ಟೇ ಇರುವ ಸಂರಚನೆಯನ್ನು ಓದಬಹುದು. ಆಧುನೀಕರಣ ಈಗ ಅನುಕೂಲದ ವಿಷಯವಾಗಿ ಉಳಿದಿಲ್ಲ, ಸುರಕ್ಷತೆಯ ಹೊಣೆಯಾಗಿದೆ. ಅದೇ ಸಿಮೇಕ್ ಫೈಲಿನ ಚುಕ್ಕಿ ಇನ್ನೊಂದನ್ನೂ ಹೇಳುತ್ತದೆ: ಹೊಸ ಸಾಧನವೂ ಪರಿಶೀಲನೆಗೆ ಬದಲಿಯಾಗಲಾರದು.

ಕನ್ನಡ ಲಿಪಿಯ ತಂತ್ರಾಂಶ

ಕನ್ನಡದ ಒತ್ತಕ್ಷರ, ಗುಣಿತಚಿಹ್ನೆ, ಅರ್ಕಾವೊತ್ತುಗಳನ್ನು ಸರಿಯಾದ ಸ್ಥಾನದಲ್ಲಿ ಜೋಡಿಸಿ ತೋರಿಸುವ ಕೆಲಸವನ್ನು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಹಾರ್ಫ್‌ಬಜ್ ಲೈಬ್ರರಿ ಮಾಡುತ್ತದೆ. ಹಾರ್ಫ್‌ಬಜ್ ಮತ್ತು ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಪಠ್ಯ ಮೂಡಿಸುವ ಪ್ಯಾಂಗೋ, ಜಿಟಿಕೆ ಇವೆಲ್ಲ ಆಟೋಟೂಲ್ಸ್‌ನಿಂದ ಮೆಸಾನ್‌ಗೆ ಬಂದಿವೆ. ಫಾಂಟ್ ರಚನೆಯ ಮುಕ್ತ ಸಾಧನವಾದ ಫಾಂಟ್‌ಫೋರ್ಜ್ 2020ರಲ್ಲಿ ಸಿಮೇಕ್‌ಗೆ ಸಾಗಿತು. ಲೋಹಿತ್ ಕನ್ನಡ ಫಾಂಟ್‌ನ ಮೂಲ ಇರುವುದು ಫಾಂಟ್‌ಫೋರ್ಜ್‌ನ ಫೈಲುಗಳಲ್ಲೇ. ಒತ್ತಕ್ಷರವೊಂದು ತಪ್ಪಾಗಿ ಮೂಡುವುದನ್ನು ಕಂಡ ಕನ್ನಡಿಗ ವಿದ್ಯಾರ್ಥಿ ಅದನ್ನು ತಾನೇ ತಿದ್ದಲು ಹೊರಟರೆ, ಮೊದಲು ಆ ಲೈಬ್ರರಿಯನ್ನು ತನ್ನ ಲ್ಯಾಪ್‌ಟಾಪ್‌ನಲ್ಲಿ ಕಟ್ಟಬೇಕು. ಎರಡು ಆಜ್ಞೆಗಳಲ್ಲಿ ಮುಗಿಯುವ ಬಿಲ್ಡ್ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಟ್ಟ ಬಿಲ್ಡ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಸಣ್ಣ ಭಾಷಾಸಮುದಾಯಗಳ ತಂತ್ರಾಂಶಕ್ಕೆ ಕೈಜೋಡಿಸುವವರು ಕಡಿಮೆ ಇರುವುದರಿಂದ ಈ ಬಾಗಿಲು ಇನ್ನಷ್ಟು ಮುಖ್ಯ.

ಮಿತಿಗಳು ಮತ್ತು ಮುಂದಿನ ಹೊಣೆ

ಆಟೋಟೂಲ್ಸ್ ಪರವಾಗಿಯೂ ಗಟ್ಟಿಯಾದ ವಾದಗಳಿವೆ. ಅದರಿಂದ ಸಿದ್ಧವಾದ ಬಿಡುಗಡೆಯನ್ನು ಕಟ್ಟಲು ಶೆಲ್, ಮೇಕ್, ಕಂಪೈಲರ್ ಇದ್ದರೆ ಸಾಕು. ಮೆಸಾನ್‌ಗೆ ಪೈಥಾನ್ ಬೇಕು, ಸಿಮೇಕ್‌ಗೆ ಸಿ++ ಕಂಪೈಲರ್ ಬೇಕು. ಆಪರೇಟಿಂಗ್ ಸಿಸ್ಟಮ್ ಒಂದನ್ನು ತಳಮಟ್ಟದಿಂದ ಕಟ್ಟುವವರಿಗೆ ಇದು ಸುತ್ತುಬಳಸಿನ ಅವಲಂಬನೆಯಾಗುತ್ತದೆ. ಜಿಸಿಸಿ, ಬ್ಯಾಷ್, ಗ್ನು ಕೋರ್‌ಯುಟಿಲ್ಸ್, ಪೈಥಾನ್ ಇಂಟರ್‌ಪ್ರಿಟರ್ ಇಂದಿಗೂ ಕಾನ್ಫಿಗರ್ ಸ್ಕ್ರಿಪ್ಟ್ ಬಳಸುತ್ತಿರುವುದಕ್ಕೆ ಇದೂ ಒಂದು ಕಾರಣ. ಈ ಕೊರತೆಗೆ ಉತ್ತರವಾಗಿ ಮೆಸಾನ್ ಭಾಷೆಯನ್ನು ಅರಿಯುವ, ಸಿ ಭಾಷೆಯಲ್ಲಿ ಬರೆದ ಮ್ಯೂಆನ್‌ನಂಥ ಸಾಧನಗಳು ಬಂದಿವೆ. ಆಟೋಕಾನ್ಫ್ ಕೂಡ ನಿಂತ ನೀರಲ್ಲ. 2012ರ 2.69ರ ನಂತರ ಎಂಟು ವರ್ಷ ಹೊಸ ಆವೃತ್ತಿ ಇರಲಿಲ್ಲ, ನಿಜ. ಆದರೆ 2020ರಲ್ಲಿ 2.70, 2023ರಲ್ಲಿ 2.72 ಬಂದವು. 32 ಬಿಟ್ ಯಂತ್ರಗಳ ಕಾಲಗಣನೆ 2038ರಲ್ಲಿ ಮಿತಿ ಮೀರುವ ಸಮಸ್ಯೆಗೂ 2.72ರಲ್ಲಿ ನೆರವಿದೆ. ಹಳೆಯ ಸಾಧನದ ಹೊಸ ಆವೃತ್ತಿಗೆ ಬರುವುದೂ ಆಧುನೀಕರಣವೇ.

ಇಂದು ಆಧುನಿಕವಾಗಿ ಬರೆದ ಸಂರಚನೆಯೂ ನಾಳೆ ಹಳತಾಗುತ್ತದೆ. ಸಿಮೇಕ್ 4.0ಕ್ಕಾಗಿ 3.5ಕ್ಕೆ ಏರಿದ ಯೋಜನೆಗಳಿಗೆ ಮುಂದಿನ ಎಚ್ಚರಿಕೆ ಆಗಲೇ ಸಿಕ್ಕಿದೆ: 3.10ಕ್ಕಿಂತ ಹಿಂದಿನ ವರ್ತನೆಯೂ ಹೋಗಲಿದೆ ಎಂದು 3.31ನೇ ಆವೃತ್ತಿ ಸೂಚಿಸಿದೆ. ಆದ್ದರಿಂದ ಇದನ್ನು ದಶಕಕ್ಕೊಮ್ಮೆ ಬರುವ ಸಂಕಟವಾಗಿ ಕಾಣದೆ, ಪರೀಕ್ಷೆ ಬರೆಯುವಂತೆ, ದೋಷ ತಿದ್ದುವಂತೆ, ನಿತ್ಯದ ನಿರ್ವಹಣೆಯಲ್ಲಿ ಸೇರಿಸಿಕೊಳ್ಳಬೇಕು. ಮುಂಬರುವ ಕಂಪೈಲರ್ ಮತ್ತು ಸಾಧನಗಳ ಪ್ರಾಯೋಗಿಕ ಆವೃತ್ತಿಗಳಿಂದ ವಾರಕ್ಕೊಮ್ಮೆ ಬಿಲ್ಡ್ ನಡೆಸಿ ನೋಡುವುದು, ಎಚ್ಚರಿಕೆಯ ಸಂದೇಶಗಳನ್ನು ದೋಷಗಳಷ್ಟೇ ಗಂಭೀರವಾಗಿ ಎಣಿಸುವುದು, ಸಂರಚನೆಯ ಬದಲಾವಣೆಗಳನ್ನು ಕೋಡಿನಷ್ಟೇ ನಿಷ್ಠುರವಾಗಿ ವಿಮರ್ಶಿಸುವುದು ಇದಕ್ಕೆ ಸಾಕಾಗುವ ಮೂರು ಅಭ್ಯಾಸಗಳು. ಇವನ್ನು ರೂಢಿಸಿಕೊಂಡ ಯೋಜನೆಯ ಕೋಡನ್ನು, ಬರೆದವರು ಬಿಟ್ಟುಹೋದ ಮೇಲೂ, ಹೊಸಬರು ಇಳಿಸಿಕೊಂಡು ಕಟ್ಟಿ ಮುಂದುವರಿಸಬಲ್ಲರು.